ಊರಿನ ಕಲಾವಿದರ ಸಂಘವನ್ನು ಉಳಿಸಿಕೊಳ್ಳುವ ಬಗೆ



ಊರಿನಲ್ಲಿ ಸಂಘ ಕಟ್ಟುವುದು ಕಷ್ಟದ ಕೆಲಸವಲ್ಲ. ಯುಗಾದಿಗೆ ಒಂದು ಬಯಲಾಟ ಚೆನ್ನಾಗಿ ನಡೆಯಿತೆಂದರೆ ಸಾಕು, ಮರುದಿನವೇ ದೇವಸ್ಥಾನದ ಜಗುಲಿಯ ಮೇಲೆ ಹತ್ತು ಜನ ಸೇರಿ "ನಮ್ಮದೂ ಒಂದು ಸಂಘವಾಗಲಿ" ಎನ್ನುತ್ತಾರೆ. ಅಧ್ಯಕ್ಷರ ಆಯ್ಕೆಯಾಗುತ್ತದೆ. ಬೋರ್ಡು ಬರೆಸುತ್ತಾರೆ, ಮೊಹರು ಮಾಡಿಸುತ್ತಾರೆ. ಒಂದು ಮಳೆಗಾಲ ಬಂದು ಹೋಗುವಷ್ಟರಲ್ಲಿ ಬೋರ್ಡು ಇರುತ್ತದೆ, ಸಂಘ ಇರುವುದಿಲ್ಲ. ಮದ್ದಲೆ ಅಟ್ಟ ಸೇರಿರುತ್ತದೆ. ಭುಜಕೀರ್ತಿ, ಕಿರೀಟಗಳಿಗೆ ಗೆದ್ದಲು ಹತ್ತಿರುತ್ತದೆ.

ಇದರಿಂದ ಆಗುವ ನಷ್ಟ ಸಣ್ಣದಲ್ಲ. ಬಯಲಾಟದ ಪದಗಳು, ಡೊಳ್ಳಿನ ಗತ್ತುಗಳು, ಸೋಬಾನೆಯ ಹಾಡುಗಳು ಬಹುಮಟ್ಟಿಗೆ ಹಿರಿಯರ ಬಾಯಲ್ಲಿಯೂ ಕೈಯಲ್ಲಿಯೂ ಇವೆ. ಆ ಹಿರಿಯರು ತೀರಿಕೊಂಡ ಮೇಲೆ ಅವುಗಳನ್ನು ಯಾವ ಅಂಗಡಿಯಿಂದಲೂ ಕೊಂಡು ತರಲಾಗದು. ಸಂಘವಿದ್ದರೆ ಅವು ಮಕ್ಕಳ ಕೈಗೆ ದಾಟುತ್ತವೆ, ಇಲ್ಲದಿದ್ದರೆ ಹಿರಿಯರೊಡನೆ ಮಣ್ಣಾಗುತ್ತವೆ.

ಹಾಗಾದರೆ ಸಂಘಗಳು ಏಕೆ ನಿಲ್ಲುತ್ತವೆ? "ಜನರಿಗೆ ಆಸಕ್ತಿಯಿಲ್ಲ" ಎಂದು ಹೇಳಿ ಕೈ ತೊಳೆದುಕೊಳ್ಳುವವರಿದ್ದಾರೆ. ಇದು ಪೂರ್ತಿ ನಿಜವಲ್ಲ. ಆಟದ ರಾತ್ರಿ ಬೆಳಗಿನ ತನಕ ಕುಳಿತು ನೋಡುವ ಜನರಿಗೆ ಆಸಕ್ತಿಯಿಲ್ಲವೆನ್ನಲು ಹೇಗೆ ಸಾಧ್ಯ? ಸಂಘದ ಪ್ರಾಣ ಇರುವುದು ಹಬ್ಬದ ದಿನದಲ್ಲಲ್ಲ, ಹಬ್ಬಕ್ಕೂ ಹಬ್ಬಕ್ಕೂ ನಡುವಣ ದಿನಗಳಲ್ಲಿ. ಆ ದಿನಗಳಲ್ಲಿ ಸದಸ್ಯನಿಗೆ ಕೆಲಸವಿರಬೇಕು, ಮರ್ಯಾದೆಯಿರಬೇಕು, ಹಣದ ಲೆಕ್ಕ ಕಣ್ಣಿಗೆ ಕಾಣಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ಅವನು ಮೆಲ್ಲಗೆ ಹಿಂದೆ ಸರಿಯುತ್ತಾನೆ. ಈ ಮೂರನ್ನೂ ಒದಗಿಸುವ ಬಗೆಯನ್ನು ಕೆಳಗೆ ವಿವರಿಸಿದೆ.

1. ಪ್ರತಿಯೊಬ್ಬನಿಗೂ ಒಂದು ಕೆಲಸ

ಇಪ್ಪತ್ತು ಜನರ ಸಂಘದಲ್ಲಿ ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ ಎಂದು ಮೂವರಿಗೆ ಮಾತ್ರ ಕೆಲಸ ಕೊಟ್ಟರೆ ಉಳಿದ ಹದಿನೇಳು ಜನ ನೋಡುವವರಾಗುತ್ತಾರೆ. ನೋಡುವವನು ಬೇಸರವಾದೊಡನೆ ಎದ್ದುಹೋಗುತ್ತಾನೆ. ಆದುದರಿಂದ ಕೆಲಸಗಳನ್ನು ಹಂಚಿರಿ. ವಾದ್ಯಗಳ ಜೋಪಾನ ಒಬ್ಬರದು. ಮಳೆಗಾಲದ ತೇವಕ್ಕೆ ಡೊಳ್ಳಿನ ಚರ್ಮ ಸಡಿಲವಾಗುತ್ತದೆ. ವಾರಕ್ಕೊಮ್ಮೆ ತೆಗೆದು ಬಿಸಿಲು ಕಾಣಿಸಿ, ಹಗ್ಗ ಬಿಗಿದು, ಇಲಿ ಮುಟ್ಟದ ಕಡೆ ಇಡುವವರು ಬೇಕು. ವೇಷಭೂಷಣದ ಪೆಟ್ಟಿಗೆ ಇನ್ನೊಬ್ಬರದು. ತಾಲೀಮಿನ ದಿನ ಜನರನ್ನು ಕರೆಯುವುದು ಮತ್ತೊಬ್ಬರದು. ಓದುಬರಹ ಬಲ್ಲ ಹುಡುಗನೊಬ್ಬನು ಹಿರಿಯರ ಬಾಯಿಂದ ಪದಗಳನ್ನು ಬರೆದುಕೊಳ್ಳಲಿ. ಮೊಬೈಲ್ ಫೋನ್ ಇದ್ದವನು ಅವರ ದನಿಯನ್ನು ಹಿಡಿದಿಡಲಿ. ಹೀಗೆ ಹಿಡಿದಿಟ್ಟದ್ದು ಒಂದೇ ಫೋನಿನಲ್ಲಿರದೆ ಇನ್ನೆರಡು ಕಡೆಗಳಲ್ಲಿಯೂ ಇರಲಿ.

ಪಾತ್ರ ಹಂಚುವಾಗಲೂ ಎಚ್ಚರ ಅವಶ್ಯಕ. ಪೌರಾಣಿಕ ನಾಟಕ ಆಡುವ ಅನೇಕ ಊರುಗಳಲ್ಲಿ ಒಂದೊಂದು ಪಾತ್ರಕ್ಕೆ ಇಷ್ಟಿಷ್ಟು ಹಣವೆಂದು ಕಟ್ಟುವ ರೂಢಿಯಿದೆ. ಸೀನರಿಯ ಬಾಡಿಗೆ, ಹಾರ್ಮೋನಿಯಂ ಮೇಷ್ಟರ ಸಂಬಳ ಇವೆಲ್ಲ ಅದರಿಂದಲೇ ಹೊರಡಬೇಕು. ಹೆಚ್ಚು ಹಣ ಕೊಟ್ಟವನು ದುರ್ಯೋಧನನಾಗುತ್ತಾನೆ. ಒಳ್ಳೆಯ ಕಂಠವುಳ್ಳ ಬಡ ಕೂಲಿಕಾರನು ಪರದೆ ಎಳೆಯುತ್ತ ನಿಲ್ಲುತ್ತಾನೆ. ಅವನು ಮುಂದಿನ ವರ್ಷ ಬಾರದಿದ್ದರೆ ತಪ್ಪು ಯಾರದು? ಖರ್ಚನ್ನು ಸಂಘವೇ ವಹಿಸಿ, ಪಾತ್ರವನ್ನು ಯೋಗ್ಯತೆಯ ಮೇಲೆ ಕೊಡುವುದು ನ್ಯಾಯ. ದೊಡ್ಡ ಪಾತ್ರಕ್ಕೆ ಇಬ್ಬರು ಸಮನಾಗಿದ್ದರೆ ಇಬ್ಬರಿಗೂ ಕಲಿಸಿ, ಒಂದು ಆಟಕ್ಕೆ ಒಬ್ಬರಂತೆ ನಿಲ್ಲಿಸಿ. ಒಬ್ಬನಿಗೆ ಜ್ವರ ಬಂದರೆ ಆಟ ನಿಲ್ಲದಿರುವುದು ಇದರ ಇನ್ನೊಂದು ಲಾಭ.

2. ಬೇಸಾಯಕ್ಕೆ ಹೊಂದುವ ವರ್ಷದ ಪಟ್ಟಿ

ನಾಟಿಯ ವಾರದಲ್ಲಿ ತಾಲೀಮು ಕರೆದು, ಜನ ಬರಲಿಲ್ಲವೆಂದು ದೂರುವುದು ಸರಿಯಲ್ಲ. ವರ್ಷದ ಮೊದಲಿಗೇ ಎಲ್ಲರೂ ಕುಳಿತು ಪಟ್ಟಿ ಮಾಡಿರಿ. ಅದು ಹೀಗಿರಬಹುದು:

ಮುಂಗಾರು ಬಿತ್ತನೆ ಮತ್ತು ನಾಟಿಯ ಕಾಲ: ತಿಂಗಳಿಗೆ ಒಂದೇ ಸಭೆ. ವಾದ್ಯಗಳ ಜೋಪಾನ.
ಶ್ರಾವಣ: ವಾರಕ್ಕೊಂದು ಸಂಜೆ ಭಜನೆ, ಪದಗಳ ಕಲಿಕೆ.
ಗಣೇಶನ ಹಬ್ಬ: ಒಂದು ಗಂಟೆಯ ಚಿಕ್ಕ ಕಾರ್ಯಕ್ರಮ. ಹೊಸಬರಿಗೆ ಮೊದಲ ಅವಕಾಶ.
ಕೊಯ್ಲು, ಒಕ್ಕಣೆ: ಬಿಡುವು.
ಸಂಕ್ರಾಂತಿಯ ನಂತರ: ಪೂರ್ಣ ತಾಲೀಮು.
ಶಿವರಾತ್ರಿ, ಯುಗಾದಿ, ಊರ ಜಾತ್ರೆ: ಆಟ.
ಬೇಸಿಗೆ ರಜ: ಮಕ್ಕಳ ತರಗತಿ.

ನಿಮ್ಮ ಊರಿನ ಬೆಳೆ ಬೇರೆಯಾದರೆ ಪಟ್ಟಿಯೂ ಬೇರೆಯಾಗಲಿ. ಅಡಕೆಯ ಸೀಮೆಯ ಬಿಡುವು ಒಂದು ಕಾಲದಲ್ಲಿ ಬಂದರೆ ಜೋಳದ ಸೀಮೆಯದು ಇನ್ನೊಂದು ಕಾಲದಲ್ಲಿ ಬರುತ್ತದೆ. ಬಿಡುವಿನ ತಿಂಗಳನ್ನೂ ಪಟ್ಟಿಯಲ್ಲಿ ಬರೆಯುವುದು ಮುಖ್ಯ. ಆಗ ಸಂಘ ನಿಂತುಹೋಯಿತೆಂದು ಯಾರೂ ತಿಳಿಯುವುದಿಲ್ಲ.

3. ಚಿಕ್ಕ ಸಭೆ, ಗೊತ್ತಾದ ದಿನ

ಸಭೆಗೆ ಮರೆಯಲಾಗದ ದಿನವಿರಲಿ. ಪ್ರತಿ ಹುಣ್ಣಿಮೆಯ ಸಂಜೆ ಎಂದಿಟ್ಟುಕೊಂಡರೆ ಯಾರಿಗೂ ಚೀಟಿ ಕಳಿಸಬೇಕಾಗಿಲ್ಲ. ಮಾತು ಅರ್ಧ ಗಂಟೆ, ಹಾಡು ಒಂದು ಗಂಟೆ. ಕಲಾವಿದನು ಬರುವುದು ಭಾಷಣ ಕೇಳಲಿಕ್ಕಲ್ಲ. ಹೋದ ಸಭೆಯ ನಡವಳಿಯನ್ನು ಓದಿ, ಲೆಕ್ಕ ಹೇಳಿ, ಮುಂದಿನ ಕೆಲಸ ಯಾರದೆಂದು ಬರೆದುಕೊಂಡು, ತಾಳ ಕೈಗೆ ತೆಗೆದುಕೊಳ್ಳಿರಿ.

ಒಬ್ಬ ಸದಸ್ಯ ಎರಡು ಸಭೆಗಳಿಗೆ ಬರಲಿಲ್ಲವೆನ್ನಿ. ಮೂರನೆಯದಕ್ಕೆ ಮುಂಚೆ ಅವನ ಮನೆಗೆ ಹೋಗಿ ಬನ್ನಿ. "ಏಕೆ ಬರಲಿಲ್ಲ?" ಎಂದು ಕೇಳಬೇಡಿ. "ಹೇಗಿದ್ದೀರಿ?" ಎಂದು ಕೇಳಿ. ಮನೆಯಲ್ಲಿ ಕಾಯಿಲೆಯಿರಬಹುದು, ಸಾಲದ ಚಿಂತೆಯಿರಬಹುದು, ಸಂಘದಲ್ಲಿ ಯಾರೋ ಆಡಿದ ಮಾತು ನಟ್ಟಿರಬಹುದು. ಮೊದಲ ಎರಡಕ್ಕೆ ಸಾಧ್ಯವಾದ ನೆರವು ಕೊಡಿ. ಮೂರನೆಯದಕ್ಕೆ, ಮಾತು ಆಡಿದವರನ್ನೇ ಜೊತೆಗೆ ಕರೆದುಕೊಂಡು ಹೋಗಿ.

4. ಎಲ್ಲರ ಕಣ್ಣೆದುರಿನ ಲೆಕ್ಕ

ಸಂಘಗಳನ್ನು ಒಡೆಯುವುದು ಹಣದ ಕೊರತೆಗಿಂತ ಹೆಚ್ಚಾಗಿ ಹಣದ ಮೇಲಣ ಅನುಮಾನ. ಕದಿಯದವನ ಮೇಲೂ ಅನುಮಾನ ಬರುತ್ತದೆ, ಏಕೆಂದರೆ ಅವನು ಲೆಕ್ಕ ಬರೆದಿರುವುದಿಲ್ಲ. ಆದುದರಿಂದ ನಾಲ್ಕು ಪುಸ್ತಕಗಳನ್ನು ಇಡತಕ್ಕದ್ದು: ಸದಸ್ಯರ ಪುಸ್ತಕ, ನಡವಳಿ ಪುಸ್ತಕ, ಜಮಾ ಖರ್ಚಿನ ಪುಸ್ತಕ, ಸಾಮಾನುಗಳ ದಾಸ್ತಾನು ಪುಸ್ತಕ. ಬಂದ ಹಣಕ್ಕೆಲ್ಲ ರಸೀತಿ ಕೊಡಿ. ಹಣವನ್ನು ಬ್ಯಾಂಕಿನಲ್ಲಿಟ್ಟು ಇಬ್ಬರ ರುಜುವಿನಿಂದ ಮಾತ್ರ ತೆಗೆಯುವಂತೆ ಏರ್ಪಾಡು ಮಾಡಿರಿ.

ವಂತಿಗೆ ಎಲ್ಲರಿಗೂ ಕೊಡಲಾಗುವಷ್ಟಿರಲಿ. ಇಪ್ಪತ್ತು ಜನ ತಿಂಗಳಿಗೆ 20 ರೂಪಾಯಿಯಂತೆ ಕೊಟ್ಟರೆ ವರ್ಷಕ್ಕೆ 4,800 ರೂಪಾಯಿ ಆಗುತ್ತದೆ. ಹನಿಗೂಡಿದರೆ ಹಳ್ಳ.

ಹೊರ ಊರಿಗೆ ಆಟಕ್ಕೆ ಹೋದಾಗ ಬರುವ ಸಂಭಾವನೆಯನ್ನು ಹಂಚುವ ಬಗೆಯನ್ನು ಹೊರಡುವ ಮೊದಲೇ ಗೊತ್ತು ಮಾಡಿರಿ. ಒಂದು ಉದಾಹರಣೆ ನೋಡಿ. ಹನ್ನೆರಡು ಜನರ ತಂಡಕ್ಕೆ 12,000 ರೂಪಾಯಿ ಬಂದಿತೆನ್ನಿ.

ಗಾಡಿಯ ಬಾಡಿಗೆ 2,500, ಊಟ ತಿಂಡಿ 1,000. ಉಳಿದದ್ದು 8,500.
ಇದರಲ್ಲಿ ಹತ್ತನೆಯ ಒಂದು ಪಾಲು ಸಂಘದ ನಿಧಿಗೆ 850. ಉಳಿದದ್ದು 7,650.
ಗುರುಗಳಿಗೆ ಒಂದೂವರೆ ಪಾಲು, ಉಳಿದ ಹನ್ನೊಂದು ಜನಕ್ಕೆ ಒಂದೊಂದು ಪಾಲು. ಒಟ್ಟು ಹನ್ನೆರಡೂವರೆ ಪಾಲು.
ಒಂದು ಪಾಲಿಗೆ 612. ಗುರುಗಳಿಗೆ 918.

ಈ ಲೆಕ್ಕವನ್ನು ಕಾಗದದ ಮೇಲೆ ಬರೆದು, ಹಿಂತಿರುಗಿದ ದಿನವೇ ಎಲ್ಲರಿಗೂ ಓದಿ ಹೇಳಿ. ಡೊಳ್ಳು ಹೊತ್ತವನಿಗೂ ಕುಣಿದವನಿಗೂ ಒಂದೇ ಪಾಲು ಎಂದು ತಿಳಿದಾಗ ಹೊತ್ತವನು ಇನ್ನೊಮ್ಮೆ ಹೊರಲು ಹಿಂಜರಿಯುವುದಿಲ್ಲ.

5. ಎಲ್ಲರೂ ಒಂದೇ ಜಮಖಾನೆಯ ಮೇಲೆ

ಈಗ ಹೇಳುವ ಮಾತು ಕೆಲವರಿಗೆ ಕಹಿಯಾದೀತು, ಆದರೂ ಹೇಳಲೇಬೇಕು. ತಮಟೆಯ ಸದ್ದಿಲ್ಲದೆ ಊರ ಹಬ್ಬ ಹೊರಡುವುದಿಲ್ಲ. ಆದರೆ ತಮಟೆ ಬಾರಿಸುವವರನ್ನು ಹಬ್ಬಕ್ಕೆ ಕರೆದು, ಸಭೆಗೆ ಕರೆಯದಿರುವ ಊರುಗಳಿವೆ. ಕೈಯಲ್ಲಿ ಕಲೆಯಿರುವವನು ಅಂಗಳದಲ್ಲಿ ನಿಂತು, ಕಲೆಯಿಲ್ಲದವನು ಒಳಗೆ ಕುಳಿತರೆ ಅದನ್ನು ಕಲಾವಿದರ ಸಂಘವೆಂದು ಕರೆಯಲಾಗದು. ಅಸ್ಪೃಶ್ಯತೆಯ ಆಚರಣೆಯನ್ನು ಸಂವಿಧಾನದ 17ನೆಯ ವಿಧಿ ನಿಷೇಧಿಸಿದೆ. ಕಾನೂನಿನ ಮಾತು ಹಾಗಿರಲಿ, ಕಲೆಗೂ ಇದು ಹಾನಿಯೇ. ಹೊರಗೆ ನಿಲ್ಲಿಸಿಕೊಂಡ ತಂದೆಯ ಮಗನು ಆ ತಮಟೆಯನ್ನು ಕೈಗೆತ್ತಿಕೊಳ್ಳಲು ಒಪ್ಪುವುದಿಲ್ಲ. ಅವನು ಒಪ್ಪದಿರುವುದು ಸರಿಯೇ ಅಲ್ಲವೇ? ಆದುದರಿಂದ ಒಂದೇ ಜಮಖಾನೆ, ಒಂದೇ ಪಂಕ್ತಿ, ಸಮಾನ ಪಾಲು. ಕಾರ್ಯಕಾರಿ ಸಮಿತಿಯಲ್ಲಿ ಎಲ್ಲ ಕೇರಿಗಳವರೂ ಇರಲಿ.

ಹೆಣ್ಣುಮಕ್ಕಳ ವಿಷಯವೂ ಹಾಗೆಯೇ. ಸೋಬಾನೆ, ಬೀಸುವ ಪದ, ಹಸೆಗೋಡೆಯ ಚಿತ್ತಾರ ಇವು ಅವರ ಸೊತ್ತು. ಅವರನ್ನು ಸದಸ್ಯರನ್ನಾಗಿ ಮಾಡಿಕೊಳ್ಳಿ. ಸಭೆಯನ್ನು ಅವರಿಗೆ ಅನುಕೂಲವಾದ ಹೊತ್ತಿನಲ್ಲಿ ಇಡಿ. ರಾತ್ರಿ ಒಂಬತ್ತಕ್ಕೆ ಸಭೆ ಕರೆದು "ಹೆಂಗಸರು ಬರುವುದಿಲ್ಲ" ಎನ್ನುವುದು ನ್ಯಾಯವಲ್ಲ.

6. ಮೊದಲು ಕೆಲಸ, ಆಮೇಲೆ ಕಟ್ಟಡ

"ನಮಗೆ ಭವನವಿಲ್ಲ, ಅನುದಾನವಿಲ್ಲ, ಏನು ಮಾಡುವುದು?" ಎಂದು ನೀವು ಕೇಳಬಹುದು. ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನಲ್ಲಿ ಹೆಗ್ಗೋಡು ಎಂಬ ಹಳ್ಳಿಯಿದೆ. ಅಡಕೆ ತೋಟಗಳ ನಡುವಣ ಊರು. 1949ರಲ್ಲಿ ಅಲ್ಲಿ ನೀಲಕಂಠೇಶ್ವರ ನಾಟ್ಯಸೇವಾ ಸಂಘ ಹುಟ್ಟಿತು. ಅದೇ ನೀನಾಸಮ್. ಅದನ್ನು ಬೆಳೆಸಿದವರಲ್ಲಿ ಪ್ರಮುಖರು ಕೆ. ವಿ. ಸುಬ್ಬಣ್ಣನವರು. ಅಲ್ಲಿಯ ಶಿವರಾಮ ಕಾರಂತ ರಂಗಮಂದಿರ ಎದ್ದದ್ದು 1972ರಲ್ಲಿ, ಅಂದರೆ ಸಂಘ ಹುಟ್ಟಿ 23 ವರ್ಷಗಳ ಮೇಲೆ. 1980ರಲ್ಲಿ ರಂಗಶಿಕ್ಷಣ ಕೇಂದ್ರ ಆರಂಭವಾಯಿತು. 1985ರಲ್ಲಿ ಊರೂರಿಗೆ ನಾಟಕ ಕೊಂಡೊಯ್ಯುವ ತಿರುಗಾಟ ಹೊರಟಿತು. 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದಿತು. ಈ ವರ್ಷಗಳನ್ನು ಒಂದರ ಕೆಳಗೊಂದು ಬರೆದು ನೋಡಿ. ಮೊದಲು ನಾಟಕ, ಆಮೇಲೆ ಕಟ್ಟಡ, ಅದರ ಮೇಲೆ ಶಾಲೆ, ಎಲ್ಲಕ್ಕೂ ಕೊನೆಗೆ ಪ್ರಶಸ್ತಿ. ನಾವು ಅನೇಕ ಸಲ ಕೊನೆಯದರಿಂದ ಆರಂಭಿಸುತ್ತೇವೆ.

ಇನ್ನೊಂದು ಉದಾಹರಣೆ ಉತ್ತರ ಕನ್ನಡ ಜಿಲ್ಲೆಯ ಹೊನ್ನಾವರ ತಾಲ್ಲೂಕಿನದು. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿಯನ್ನು ಸ್ಥಾಪಿಸಿದರು. ಅವರ ನಂತರ ಮಗ ಶಂಭು ಹೆಗಡೆಯವರು, ಅವರ ನಂತರ ಮೊಮ್ಮಗ ಶಿವಾನಂದ ಹೆಗಡೆಯವರು ಅದನ್ನು ನಡೆಸಿಕೊಂಡು ಬಂದರು. ಇದು ಒಂದು ಮನೆತನದ ಮಂಡಳಿ. ನಮ್ಮ ಸಂಘಗಳು ಊರಿನವು. ಆದರೂ ಕಲಿಯಬೇಕಾದ ಪಾಠ ಒಂದೇ: ಹಿರಿಯನು ವೇಷ ಕಟ್ಟಿ ನಿಂತಿರುವಾಗಲೇ ಕಿರಿಯನು ಪಕ್ಕದಲ್ಲಿ ಹೆಜ್ಜೆ ಕಲಿಯುತ್ತಿರಬೇಕು. ನಿಮ್ಮ ಸಂಘದಲ್ಲಿ ಪ್ರತಿಯೊಬ್ಬ ಹಿರಿಯ ಕಲಾವಿದನಿಗೂ ಇಬ್ಬರು ಶಿಷ್ಯರನ್ನು ಗೊತ್ತುಮಾಡಿ. ಊರಿನ ಶಾಲೆಯ ಮುಖ್ಯೋಪಾಧ್ಯಾಯರ ಒಪ್ಪಿಗೆ ಪಡೆದು ಶನಿವಾರ ಮಕ್ಕಳಿಗೆ ಒಂದು ಗಂಟೆ ಕಲಿಸಿ. ವರ್ಷಕ್ಕೊಮ್ಮೆ ಗುರುಗಳನ್ನು ಊರಿನ ಎದುರಿಗೆ ಗೌರವಿಸಿ. ಶಾಲು ಚಿಕ್ಕದಾದರೂ ಚಿಂತೆಯಿಲ್ಲ.

7. ನೋಂದಣಿ

ಒಂದು ವರ್ಷ ಸರಿಯಾಗಿ ನಡೆದ ಮೇಲೆ ಸಂಘವನ್ನು ನೋಂದಾಯಿಸಿರಿ. ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ, 1960ರ ಪ್ರಕಾರ ಕಡಿಮೆಯೆಂದರೆ ಏಳು ಜನ ಸದಸ್ಯರಿರಬೇಕು. ಸಂಘದ ಉದ್ದೇಶಗಳನ್ನೂ ನಿಯಮಗಳನ್ನೂ ಬರೆದು ಜಿಲ್ಲೆಯ ನೋಂದಣಾಧಿಕಾರಿಗಳಿಗೆ ಸಲ್ಲಿಸಬೇಕು. ನೋಂದಣಿಯಾದ ಮೇಲೆ ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ ನಡೆಸಿ, ಪದಾಧಿಕಾರಿಗಳ ಪಟ್ಟಿಯನ್ನೂ ಲೆಕ್ಕಪತ್ರವನ್ನೂ ಕಳಿಸುವುದು ಕಡ್ಡಾಯ. ಅನೇಕ ಸಂಘಗಳು ಇದನ್ನೇ ಮರೆಯುತ್ತವೆ, ಸಹಾಯ ಕೇಳಲು ಹೋದ ದಿನ ಪರದಾಡುತ್ತವೆ. ಕಾರ್ಯಕ್ರಮಗಳ ವಿಷಯ, ವಯಸ್ಸಾದ ಕಲಾವಿದರ ಮಾಸಾಶನದ ವಿಷಯ ತಿಳಿಯಲು ಜಿಲ್ಲಾ ಕೇಂದ್ರದ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಕಚೇರಿಗೆ ಹೋಗಿರಿ. ಮಾಸಾಶನದ ಅರ್ಜಿ ತುಂಬಲಾಗದ ಹಿರಿಯರಿಗೆ ಸಂಘವೇ ಕುಳಿತು ತುಂಬಿಕೊಡಲಿ. ಸಂಘದಿಂದ ತಮಗೇನು ಪ್ರಯೋಜನವೆಂದು ಕೇಳುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರವಿಲ್ಲ.

ಈ ತಿಂಗಳು ಮಾಡತಕ್ಕ ಕೆಲಸ

ಅಟ್ಟದ ಮೇಲಿರುವ ವಾದ್ಯವನ್ನು ಕೆಳಗಿಳಿಸಿ, ಧೂಳು ಒರೆಸಿ. ಊರಿನ ಅತ್ಯಂತ ಹಿರಿಯ ಕಲಾವಿದರ ಮನೆಗೆ ಇಬ್ಬರು ಹುಡುಗರನ್ನು ಕರೆದುಕೊಂಡು ಹೋಗಿ, ಒಂದು ಪದ ಹಾಡಿಸಿ ಬರೆದುಕೊಳ್ಳಿ. ಬರುವ ಹುಣ್ಣಿಮೆಗೆ ಸಭೆ ಕರೆಯಿರಿ. ಇಷ್ಟಾದರೆ ನಿಮ್ಮ ಸಂಘ ಮತ್ತೆ ಉಸಿರಾಡತೊಡಗಿತೆಂದು ತಿಳಿಯಿರಿ.

ಸಭೆಯಲ್ಲಿ ಚರ್ಚಿಸಲು ಪ್ರಶ್ನೆಗಳು

1. ನಮ್ಮ ಸಂಘದಲ್ಲಿ ಏನೂ ಕೆಲಸವಿಲ್ಲದ ಸದಸ್ಯರು ಎಷ್ಟು ಮಂದಿ? ಅವರಿಗೆ ಯಾವ ಕೆಲಸ ಒಪ್ಪಿಸಬಹುದು?
2. ಹೋದ ವರ್ಷದ ಜಮಾ ಖರ್ಚನ್ನು ಎಲ್ಲರೆದುರು ಓದಲಾಗಿದೆಯೇ?
3. ನಮ್ಮ ಊರಿನ ಯಾವ ಕಲಾವಿದರು ಇದುವರೆಗೆ ಸಭೆಗೆ ಬಂದಿಲ್ಲ? ಬರಲಿಲ್ಲವೋ, ನಾವು ಕರೆಯಲಿಲ್ಲವೋ?
4. ಈ ದಿನ ಒಬ್ಬರಿಗೆ ಮಾತ್ರ ಗೊತ್ತಿರುವ ಹಾಡು ಅಥವಾ ಗತ್ತು ಯಾವುದು? ಅದನ್ನು ಯಾರು ಕಲಿಯುತ್ತೀರಿ?