ಪ್ರೇಮಕಾದಂಬರಿಕಾರನ ಬರವಣಿಗೆಯ ಬದುಕು: ಚದುರಂಗರನ್ನು ಕುರಿತು ಒಂದು ವಿವೇಚನೆ

ಪೀಠಿಕೆ

ಕನ್ನಡ ಕಾದಂಬರಿಯ ಅಧ್ಯಯನದಲ್ಲಿ ‘ಪ್ರೇಮಕಾದಂಬರಿ’ ಎಂಬ ಮಾತು ವರ್ಗೀಕರಣಕ್ಕಿಂತ ಹೆಚ್ಚಾಗಿ ತೀರ್ಪಿನಂತೆ ಬಳಕೆಯಾಗಿದೆ. ಪ್ರೇಮವನ್ನು ಕೇಂದ್ರವಾಗಿಸಿಕೊಂಡ ಕೃತಿಯನ್ನು ‘ಜನಪ್ರಿಯ’ ಎಂದು ಕರೆದು, ‘ಗಂಭೀರ’ ಸಾಹಿತ್ಯದ ಚರ್ಚೆಯಿಂದ ಹೊರಗಿಡುವುದು ವಿಮರ್ಶೆಯ ರೂಢಿಯಾಗಿ ಬೆಳೆದುಬಂದಿತು. ಇದರ ಪರಿಣಾಮವಾಗಿ ಎರಡು ಸಂಗತಿಗಳು ಮರೆಯಾದವು. ಒಂದು, ಪ್ರೇಮದ ಕಥೆಯನ್ನು ಹೇಳಲು ಲೇಖಕರು ರೂಢಿಸಿಕೊಂಡ ಬರವಣಿಗೆಯ ಶಿಸ್ತು. ಇನ್ನೊಂದು, ಆ ಕಥೆಗಳು ಮದುವೆ, ಜಾತಿ ಮತ್ತು ಹೆಣ್ಣಿನ ಆಯ್ಕೆಯ ಬಗ್ಗೆ ಎತ್ತಿದ ಪ್ರಶ್ನೆಗಳು. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯಲ್ಲಿ ಹುಟ್ಟಿದ ಚದುರಂಗರ (1916–1998) ಬರವಣಿಗೆಯ ಬದುಕನ್ನು ಮುಂದಿಟ್ಟುಕೊಂಡು ಈ ಎರಡನ್ನೂ ಒಟ್ಟಿಗೆ ನೋಡುವುದು ಪ್ರಸ್ತುತ ಲೇಖನದ ಉದ್ದೇಶ. ಹೋಲಿಕೆಗಾಗಿ ಅವರ ಸಮಕಾಲೀನರಾದ ತ್ರಿವೇಣಿಯವರ ಬರವಣಿಗೆಯನ್ನೂ, ಪಿರಿಯಾಪಟ್ಟಣ ತಾಲ್ಲೂಕಿನ ಕಣಗಾಲಿನಿಂದ ಬಂದ ನಿರ್ದೇಶಕ ಪುಟ್ಟಣ್ಣನವರ ಚಿತ್ರಗಳನ್ನೂ ಪರಿಶೀಲಿಸಲಾಗಿದೆ.

ಹುಟ್ಟು, ನೆಲ ಮತ್ತು ಕಾವ್ಯನಾಮ

ಚದುರಂಗರ ನಿಜ ಹೆಸರು ಎಂ. ಸುಬ್ರಹ್ಮಣ್ಯರಾಜೇ ಅರಸು. ಮೈಸೂರು ರಾಜಮನೆತನಕ್ಕೆ ಬಂಧುತ್ವವಿದ್ದ ಅರಸು ಸಮುದಾಯದಲ್ಲಿ ಹುಟ್ಟಿದವರು. ಮುಂದೆ ಭೂಸುಧಾರಣೆಯ ಮೂಲಕ ನಾಡಿನ ಗ್ರಾಮವ್ಯವಸ್ಥೆಯನ್ನು ಅಲುಗಿಸಿದ ಮುಖ್ಯಮಂತ್ರಿ ಡಿ. ದೇವರಾಜ ಅರಸು ಅವರೂ ಇದೇ ಕಲ್ಲಹಳ್ಳಿಯವರು. ಒಂದೇ ಊರಿನ, ಹೆಚ್ಚುಕಡಿಮೆ ಒಂದೇ ವಯಸ್ಸಿನ ಈ ಇಬ್ಬರಲ್ಲಿ ಒಬ್ಬರು ರಾಜಕಾರಣದಲ್ಲಿಯೂ ಇನ್ನೊಬ್ಬರು ಸಾಹಿತ್ಯದಲ್ಲಿಯೂ ಹಳೆಯ ಯಜಮಾನಿಕೆಯನ್ನು ಪ್ರಶ್ನಿಸಿದ್ದು ಗಮನಾರ್ಹ.

‘ಚದುರಂಗ’ ಎಂಬ ಕಾವ್ಯನಾಮವನ್ನೂ ಈ ಹಿನ್ನೆಲೆಯಲ್ಲಿ ನೋಡಬಹುದು. ರಾಜ, ಮಂತ್ರಿ, ಕಾಲಾಳುಗಳೆಲ್ಲ ಒಂದೇ ಹಾಸಿನ ಮೇಲೆ ಕಾಯಿಗಳಾಗುವ ಆಟದ ಹೆಸರು ಅದು. ‘ರಾಜೇ ಅರಸು’ ಎಂಬುದು ಹೇಳುವ ಹುಟ್ಟಿನ ಗುರುತನ್ನು ಅದು ಹೇಳುವುದಿಲ್ಲ. ಪ್ರಗತಿಶೀಲ ಚಳವಳಿಯೊಂದಿಗೆ ಗುರುತಿಸಿಕೊಂಡ ಲೇಖಕನಿಗೆ ಈ ಅಂತರ ಒದಗಿ ಬಂದಿತೆಂಬುದು ಅವರ ಕೃತಿಗಳಿಂದ ತಿಳಿಯುತ್ತದೆ. ಅರಮನೆಯ ವೈಭವಕ್ಕಿಂತ ಹಳ್ಳಿಯ ಮನೆ, ಹೊಲ, ಕೇರಿ ಮತ್ತು ಮಧ್ಯಮವರ್ಗದ ಒಳಮನೆಗಳೇ ಅವರ ಮುಖ್ಯ ಕಾದಂಬರಿಗಳ ವಸ್ತು.

ಆ ಹಳ್ಳಿಯ ಹಿನ್ನೆಲೆಯಲ್ಲಿರುವುದು ಮೈಸೂರು ಜಿಲ್ಲೆಯ ಪಶ್ಚಿಮ ಭಾಗ. ಲಕ್ಷ್ಮಣತೀರ್ಥ ನದಿ ಹುಣಸೂರನ್ನು ಹಾದು ಕೃಷ್ಣರಾಜನಗರದ ಕಡೆಗೆ ಹರಿದು ಕಾವೇರಿಯನ್ನು ಸೇರುತ್ತದೆ. ಹೆಗ್ಗಡದೇವನಕೋಟೆಯ ಕಡೆಗೆ ಹೊಲ ಮುಗಿದು ಕಾಡು ಮೊದಲಾಗುತ್ತದೆ. ಪಿರಿಯಾಪಟ್ಟಣದ ಕಾಳಗದ ಲಾವಣಿಯಂತಹ ಮೌಖಿಕ ಕಥನಗಳು ಇಲ್ಲಿ ಬಾಳಿವೆ. ನೀರಾವರಿಯ ಗದ್ದೆ, ಮಳೆಯನ್ನು ಕಾಯುವ ಹೊಲ, ಕಾಡಂಚಿನ ಹಾಡಿ ಇವೆಲ್ಲ ಕೆಲವೇ ಹರದಾರಿಗಳ ಅಂತರದಲ್ಲಿರುವ ಈ ನೆಲದಲ್ಲಿ ಜಾತಿ ಮತ್ತು ಭೂಮಿಯ ಸಂಬಂಧ ದಿನನಿತ್ಯದ ಅನುಭವ.

ಎರಡು ಬಗೆಯ ಬರವಣಿಗೆಯ ಗತಿ

ಲೇಖಕರ ಅಭ್ಯಾಸವನ್ನು ತಿಳಿಯಲು ಪ್ರಕಟಣೆಯ ಕಾಲಕ್ರಮ ಒಂದು ನಂಬಲರ್ಹ ಆಧಾರ. ಚದುರಂಗರ ಮೊದಲ ಕಾದಂಬರಿ ‘ಸರ್ವಮಂಗಳಾ’ ಪ್ರಕಟವಾದದ್ದು 1950ರಲ್ಲಿ. ನಂತರದ್ದು ‘ಉಯ್ಯಾಲೆ’. ‘ವೈಶಾಖ’ ಬಂದದ್ದು 1981ರಲ್ಲಿ. ‘ಹೆಜ್ಜಾಲ’ ಅದರ ತರುವಾಯದ್ದು. ಹೀಗೆ ಸುಮಾರು ಅರ್ಧ ಶತಮಾನದ ಸಾಹಿತ್ಯ ಜೀವನದಲ್ಲಿ ನಾಲ್ಕೇ ಕಾದಂಬರಿಗಳು. ನಡುವೆ ಸಣ್ಣಕಥೆ, ನಾಟಕ ಮತ್ತು ಚಲನಚಿತ್ರದ ಕೆಲಸಗಳು ನಡೆದವು. ಅ.ನ. ಕೃಷ್ಣರಾಯರು ನೂರಕ್ಕೂ ಹೆಚ್ಚು ಕಾದಂಬರಿಗಳನ್ನು ಬರೆದ ಪ್ರಗತಿಶೀಲ ಪರಂಪರೆಯಲ್ಲಿ ಈ ಮಿತಪ್ರಮಾಣ ಅಪರೂಪದ್ದು.

ಇದಕ್ಕೆ ತದ್ವಿರುದ್ಧವಾದ ಗತಿ ತ್ರಿವೇಣಿಯವರದು. ಅನಸೂಯಾ ಶಂಕರ್ ಎಂಬ ನಿಜ ಹೆಸರಿನ ಅವರು 1928ರಲ್ಲಿ ಮಂಡ್ಯದಲ್ಲಿ ಹುಟ್ಟಿ, ಮೈಸೂರಿನಲ್ಲಿ ನೆಲೆಸಿ, ಮನಶ್ಶಾಸ್ತ್ರವನ್ನು ಅಭ್ಯಾಸ ಮಾಡಿದವರು. ‘ಅಪಸ್ವರ’ದಿಂದ ಮೊದಲಾದ ಅವರ ಕಾದಂಬರಿ ರಚನೆ ಹತ್ತು ವರ್ಷಗಳ ಆಸುಪಾಸಿನಲ್ಲಿ ಇಪ್ಪತ್ತರಷ್ಟು ಕೃತಿಗಳನ್ನು ಕೊಟ್ಟಿತು. ವರ್ಷಕ್ಕೆ ಸರಾಸರಿ ಎರಡು. 1963ರಲ್ಲಿ, ಹೆರಿಗೆಯಾದ ಕೆಲವೇ ದಿನಗಳಲ್ಲಿ, ಮೂವತ್ತನಾಲ್ಕರ ವಯಸ್ಸಿನಲ್ಲಿ ಅವರು ತೀರಿಕೊಂಡರು. ಗೃಹಕೃತ್ಯದ ನಡುವೆ ಬಿಡುವನ್ನು ಕಂಡುಕೊಳ್ಳಬೇಕಾದ ಕಾಲದಲ್ಲಿ ಒಬ್ಬ ಹೆಣ್ಣುಮಗಳು ಈ ಪ್ರಮಾಣದಲ್ಲಿ ಬರೆದುದು ನಿಯತವಾದ ದುಡಿಮೆಯಿಲ್ಲದೆ ಸಾಧ್ಯವಾಗುವ ಮಾತಲ್ಲ.

ಈ ಎರಡು ಗತಿಗಳಲ್ಲಿ ಒಂದನ್ನು ಶ್ರೇಷ್ಠವೆಂದೂ ಇನ್ನೊಂದನ್ನು ಕನಿಷ್ಠವೆಂದೂ ಎಣಿಸುವುದು ಸರಿಯಾಗದು. ತ್ರಿವೇಣಿಯವರು ಒಂದೇ ಪ್ರಶ್ನೆಯನ್ನು, ಅಂದರೆ ಹೆಣ್ಣಿನ ಮನಸ್ಸಿಗೆ ಮನೆಯೊಳಗೆ ಸಿಗುವ ಜಾಗವೆಷ್ಟು ಎಂಬುದನ್ನು, ಕೃತಿಯಿಂದ ಕೃತಿಗೆ ಸನ್ನಿವೇಶ ಬದಲಿಸಿ ಪರೀಕ್ಷಿಸಿದರು. ಅದಕ್ಕೆ ಸಂಖ್ಯೆ ಬೇಕಿತ್ತು. ಚದುರಂಗರು ಪ್ರತಿ ಕಾದಂಬರಿಯಲ್ಲಿಯೂ ಪ್ರಶ್ನೆಯನ್ನೇ ಬದಲಿಸಿದರು. ಅದಕ್ಕೆ ಕಾಲ ಬೇಕಿತ್ತು.

ಪ್ರೇಮದ ಮೂರು ನೆಲೆಗಳು

‘ಸರ್ವಮಂಗಳಾ’ದಲ್ಲಿ ಪ್ರೇಮ ಮದುವೆಗೆ ಮುಂಚಿನದು. ಚಿಕ್ಕಂದಿನಿಂದ ಒಲಿದ ಎರಡು ಜೀವಗಳು ಮದುವೆಯನ್ನು ಹಿರಿಯರು ನಿರ್ಧರಿಸುವ ವ್ಯವಸ್ಥೆಯ ಮುಂದೆ ಸೋಲುವುದೇ ಇಲ್ಲಿಯ ದುರಂತ. ‘ಉಯ್ಯಾಲೆ’ಯಲ್ಲಿ ಪ್ರೇಮ ಮದುವೆಯ ಒಳಗೆ ಹುಟ್ಟುವ ಕೊರತೆಯಾಗಿ ಕಾಣಿಸುತ್ತದೆ. ಪುಸ್ತಕಗಳಲ್ಲಿ ಮುಳುಗಿದ ಗಂಡ, ಗಮನವೇ ಸಿಗದ ಹೆಂಡತಿ, ಮನೆಗೆ ಬಂದು ಉಳಿಯುವ ಗೆಳೆಯ, ಈ ಮೂವರ ನಡುವಿನ ತೂಗಾಟವೇ ಕಥೆ. ಗಂಡ ಕ್ರೂರಿಯಲ್ಲ, ಕುಡುಕನಲ್ಲ. ಗೌರವಸ್ಥ. ಖಳನೇ ಇಲ್ಲದ ಮನೆಯಲ್ಲಿಯೂ ಹೆಣ್ಣು ಒಂಟಿಯಾಗಬಲ್ಲಳು ಎಂದು ತೋರಿಸಿದ್ದರಿಂದಲೇ ಓದುಗನಿಗೆ ಸುಲಭವಾದ ತೀರ್ಪು ದೊರೆಯದೆ ಹೋಗುತ್ತದೆ.

‘ವೈಶಾಖ’ದಲ್ಲಿ ನೆಲೆ ಪೂರ್ಣವಾಗಿ ಬದಲಾಗುತ್ತದೆ. ಬ್ರಾಹ್ಮಣ ವಿಧವೆ ರುಕ್ಮಿಣಿ ಮತ್ತು ಹೊಲಗೇರಿಯ ಲಕ್ಕ ಇಲ್ಲಿಯ ಪ್ರಧಾನ ಪಾತ್ರಗಳು. ಗಂಡುಹೆಣ್ಣಿನ ಸಂಬಂಧ ಇಲ್ಲಿ ಇಬ್ಬರ ಖಾಸಗಿ ವಿಷಯವಾಗಿ ಉಳಿಯದೆ ಇಡೀ ಊರಿನ ಜಾತಿವ್ಯವಸ್ಥೆಯ ಪ್ರಶ್ನೆಯಾಗುತ್ತದೆ. ಮೊದಲ ಮಳೆಗೆ ಮುನ್ನಿನ ಬಿರುಬಿಸಿಲಿನ ಮಾಸವನ್ನೇ ಶೀರ್ಷಿಕೆಯಾಗಿಸಿಕೊಂಡಿರುವುದು ಸಾಂಕೇತಿಕವಾಗಿದೆ. ಭಾಷೆಯ ದೃಷ್ಟಿಯಿಂದಲೂ ಇದು ಹಿಂದಿನ ಕೃತಿಗಳಿಗಿಂತ ಭಿನ್ನ. ಮೈಸೂರು ಸೀಮೆಯ ಗ್ರಾಮೀಣ ನುಡಿಯೇ ಇಲ್ಲಿ ಕಥನದ ಉಸಿರು. ಲೇಖಕ ಬಾಲ್ಯದಲ್ಲಿ ಕೇಳಿದ ನುಡಿಗೆ ಅರವತ್ತು ದಾಟಿದ ವಯಸ್ಸಿನಲ್ಲಿ ಮರಳಿದ್ದು ಅವರ ನಿಧಾನದ ಫಲವೆನ್ನಬಹುದು. ಈ ಕೃತಿಗೆ 1982ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಮೂರು ವರ್ಷಗಳ ಅಂತರದಲ್ಲಿ, 1984ರಲ್ಲಿ, ದೇವನೂರ ಮಹಾದೇವ ಅವರ ‘ಕುಸುಮಬಾಲೆ’ ನಂಜನಗೂಡು ಸೀಮೆಯ ನುಡಿಯಲ್ಲಿ ಜಾತಿ ಮೀರಿದ ಒಲವಿನ ಕಥೆಯನ್ನು ದಲಿತ ಕೇರಿಯ ಒಳಗಿನಿಂದ ಹೇಳಿತು. ಕೇರಿಯ ಹೊರಗಿನಿಂದ ನೋಡಿದ ‘ವೈಶಾಖ’ದ ಸಾಧನೆಯನ್ನೂ ಮಿತಿಯನ್ನೂ ಈ ಎರಡು ಕೃತಿಗಳನ್ನು ಜೊತೆಗಿಟ್ಟು ಅಳೆಯಬೇಕಾಗಿದೆ.

ಪುಟದಿಂದ ಪರದೆಗೆ

‘ಉಯ್ಯಾಲೆ’ 1969ರಲ್ಲಿ ಎನ್. ಲಕ್ಷ್ಮೀನಾರಾಯಣ್ ಅವರ ನಿರ್ದೇಶನದಲ್ಲಿ ಚಿತ್ರವಾಯಿತು. ‘ಸರ್ವಮಂಗಳಾ’ವನ್ನು 1968ರಲ್ಲಿ ಸ್ವತಃ ಚದುರಂಗರೇ ನಿರ್ದೇಶಿಸಿದರು. ತನ್ನ ಕಾದಂಬರಿಯನ್ನು ಹದಿನೆಂಟು ವರ್ಷಗಳ ನಂತರ ಬೇರೊಂದು ಮಾಧ್ಯಮದಲ್ಲಿ ತಾನೇ ಕಟ್ಟುವ ಈ ಪ್ರಯತ್ನ, ಬರೆದು ಮುಗಿಸಿದ್ದನ್ನೂ ಮತ್ತೆ ತೆರೆಯುವ ಅವರ ಮನೋಧರ್ಮಕ್ಕೆ ಸಾಕ್ಷಿ.

ಇದೇ ಕಾಲದಲ್ಲಿ ಕಣಗಾಲಿನ ಪುಟ್ಟಣ್ಣನವರು ತ್ರಿವೇಣಿಯವರ ‘ಬೆಳ್ಳಿಮೋಡ’ವನ್ನು 1967ರಲ್ಲಿ, ತರುವಾಯ ‘ಶರಪಂಜರ’ವನ್ನು ತೆರೆಗೆ ತಂದರು. ಆಸ್ತಿಯ ಆಸೆ ತಪ್ಪಿದಾಗ ದೂರವಾದ ಗಂಡು ಪಶ್ಚಾತ್ತಾಪಪಟ್ಟು ಮರಳಿ ಬಂದಾಗ ‘ಬೆಳ್ಳಿಮೋಡ’ದ ಇಂದಿರಾ ಅವನನ್ನು ಒಪ್ಪುವುದಿಲ್ಲ. ಮನೋರೋಗದಿಂದ ಗುಣಮುಖಳಾಗಿ ಬಂದ ‘ಶರಪಂಜರ’ದ ಕಾವೇರಿಯನ್ನು ಮನೆ ಒಪ್ಪುವುದಿಲ್ಲ. ಪ್ರೇಮಕಾದಂಬರಿಯೆಂದರೆ ಸುಖಾಂತವಾದ ಮದುವೆ ಎಂಬ ಗ್ರಹಿಕೆಗೆ ಈ ಎರಡೂ ಕೃತಿಗಳು ಉತ್ತರವಾಗಿವೆ. ‘ಉಯ್ಯಾಲೆ’, ‘ಸರ್ವಮಂಗಳಾ’, ‘ಬೆಳ್ಳಿಮೋಡ’, ‘ಶರಪಂಜರ’ ಈ ನಾಲ್ಕೂ ಚಿತ್ರಗಳ ನಾಯಕಿ ಕಲ್ಪನಾ ಎಂಬುದು ಆಕಸ್ಮಿಕವಾಗಿರಬಹುದು. ಆದರೆ ಇಬ್ಬರು ಲೇಖಕರ ನೊಂದ ಹೆಣ್ಣುಗಳು ಪ್ರೇಕ್ಷಕರ ನೆನಪಿನಲ್ಲಿ ಒಂದೇ ಮುಖವನ್ನು ಪಡೆದವು. ಓದು ಬಾರದವರಿಗೂ ಈ ಕಾದಂಬರಿಗಳ ಪ್ರಶ್ನೆಗಳು ತಲುಪಿದ್ದು ಈ ಮಾರ್ಗದಿಂದ.

ಸಮಾರೋಪ

ಮೇಲಿನ ವಿವೇಚನೆಯಿಂದ ಕೆಲವು ನಿಲುವುಗಳಿಗೆ ಬರಬಹುದು. ಪ್ರೇಮಕಾದಂಬರಿ ಹಗುರವಾದ ಬರವಣಿಗೆ ಎಂಬ ಅಭಿಪ್ರಾಯಕ್ಕೆ ಚದುರಂಗರ ನಿಧಾನವೂ ತ್ರಿವೇಣಿಯವರ ನಿರಂತರತೆಯೂ ಬೇರೆ ಬೇರೆ ದಿಕ್ಕಿನಿಂದ ವಿರೋಧ ಒಡ್ಡುತ್ತವೆ. ‘ಜನಪ್ರಿಯ’ ಮತ್ತು ‘ಗಂಭೀರ’ ಎಂಬ ವಿಭಜನೆ ಚದುರಂಗರ ವಿಷಯದಲ್ಲಂತೂ ನಿಲ್ಲುವುದಿಲ್ಲ. ‘ಸರ್ವಮಂಗಳಾ’ ಮತ್ತು ‘ವೈಶಾಖ’ಗಳ ನಡುವೆ ಇರುವುದು ಒಂದೇ ಪ್ರಶ್ನೆಯ ವಿಸ್ತರಣೆ: ಒಲಿಯುವ ಹಕ್ಕು ಯಾರಿಗಿದೆ, ಅದರ ಬೆಲೆಯನ್ನು ತೆರುವವರು ಯಾರು? ಎಲ್ಲ ಕೃತಿಗಳಲ್ಲಿಯೂ ಹೆಚ್ಚಿನ ಬೆಲೆ ತೆರುವವಳು ಹೆಣ್ಣೇ.

1994ರಲ್ಲಿ ಮಂಡ್ಯದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ಚದುರಂಗರಿಗೆ ಸಂದಿತು. ಗೌರವ ಸಂದಷ್ಟು ಸಲೀಸಾಗಿ ಅವರ ಮೊದಲ ಎರಡು ಕಾದಂಬರಿಗಳ ಮರು ಓದು ನಡೆಯಬೇಕಾಗಿದೆ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ತಾಲ್ಲೂಕುಗಳ ಹಿರಿಯ ಓದುಗರಿಂದ, ಅದರಲ್ಲಿಯೂ ಮಹಿಳೆಯರಿಂದ, ಈ ಕೃತಿಗಳನ್ನು ಓದಿದ ಮತ್ತು ನೋಡಿದ ನೆನಪುಗಳನ್ನು ಸಂಗ್ರಹಿಸುವ ಕ್ಷೇತ್ರಕಾರ್ಯ ಕೈಗೊಂಡರೆ ಆ ಮರು ಓದಿಗೆ ಗಟ್ಟಿಯಾದ ತಳಹದಿ ದೊರೆಯುತ್ತದೆ. ಆ ತಲೆಮಾರು ಇರುವಾಗಲೇ ಈ ಕೆಲಸ ಆಗಬೇಕು.