ಆಗುಂಬೆಯ ಮಳೆ ಮೈನಸ್ ಆದೀತೇ? – ಒಂದು ಸಿ ಪಾಠದ ಅನುಭವ

ಉದ್ದೇಶ: ಒಂದು ಗಣಕದಲ್ಲಿ ಸರಿಯಾಗಿ ಓಡಿದ ಸಿ ಪ್ರೋಗ್ರಾಂ ಇನ್ನೊಂದರಲ್ಲೂ ಹಾಗೆಯೇ ಓಡುವುದೇ ಎಂಬುದನ್ನು ವಿದ್ಯಾರ್ಥಿಗಳು ಸ್ವತಃ ಪರೀಕ್ಷಿಸುವರು.

ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ಕಡೆ ಈ ಪಾಠ ಮಾಡಿದೆ. ಕೆಲವು ಗಣಕಗಳಲ್ಲಿ ಹಳೆಯ ಟರ್ಬೊ ಸಿ, ಉಳಿದವುಗಳಲ್ಲಿ ಉಬುಂಟು ಮತ್ತು ಜಿಸಿಸಿ ಇದ್ದವು.

ಚಟುವಟಿಕೆ 1: ಟರ್ಬೊ ಸಿಯಲ್ಲಿ ಬರೆದ ಪ್ರೋಗ್ರಾಂ ಅನ್ನು ಜಿಸಿಸಿಗೆ ಕೊಟ್ಟೆವು. ‘ಕಾನಿಯೊ.ಎಚ್’ ಸಿಗಲಿಲ್ಲವೆಂದು ಕಂಪೈಲರ್ ಅಲ್ಲೇ ನಿಂತಿತು. ಆ ಕಡತ ಸಿ ಭಾಷೆಯ ಪ್ರಮಾಣಕದಲ್ಲಿಲ್ಲ. ಅದನ್ನೂ, ಪರದೆ ಅಳಿಸುವ ಸಾಲನ್ನೂ ತೆಗೆದಾಗ ಪ್ರೋಗ್ರಾಂ ಎರಡರಲ್ಲೂ ಓಡಿತು.

ಚಟುವಟಿಕೆ 2: ಆಗುಂಬೆಯ ವಾರ್ಷಿಕ ಮಳೆ ಸುಮಾರು 7,600 ಮಿ.ಮೀ. ಎಂದಿಟ್ಟುಕೊಂಡು ‘ಇಂಟ್’ ಚರಾಕ್ಷರದಲ್ಲಿ ವರ್ಷವರ್ಷವೂ ಕೂಡಿಸುತ್ತ ಹೋದೆವು. ನಾಲ್ಕನೇ ವರ್ಷಕ್ಕೆ ಎರಡರಲ್ಲೂ 30,400. ಐದನೆಯದಕ್ಕೆ ಜಿಸಿಸಿ 38,000 ಎಂದರೆ, ಟರ್ಬೊ ಸಿ -27,536 ಎಂದಿತು. ತರಗತಿ ನಕ್ಕಿತು. ಟರ್ಬೊ ಸಿಯ ‘ಇಂಟ್’ 16 ಬಿಟ್‌ನದು. 32,767 ದಾಟಿದರೆ ಮೊತ್ತದಿಂದ 65,536 ಕಳೆದುಹೋಗುತ್ತದೆ ಎಂದು ಕಪ್ಪುಹಲಗೆಯಲ್ಲಿ ಲೆಕ್ಕ ಮಾಡಿ ತೋರಿಸಿದೆ.

ಹತ್ತನೇ ವರ್ಷಕ್ಕೆ ಬಂದ ಉತ್ತರ 10,464. ಈಗ ಯಾರೂ ನಗಲಿಲ್ಲ; ಮೈನಸ್ ಚಿಹ್ನೆ ಇರಲಿಲ್ಲವಲ್ಲ! ಸರಿಯುತ್ತರ 76,000. ಮೊದಲ ದೋಷವನ್ನು ಕಂಪೈಲರ್ ಕೂಗಿ ಹೇಳಿತ್ತು, ಇದನ್ನು ಹೇಳಲೇ ಇಲ್ಲ.

ಪರಿಹಾರ: ಕನಿಷ್ಠ 32 ಬಿಟ್ ಇರಲೇಬೇಕೆಂದು ಪ್ರಮಾಣಕ ವಿಧಿಸುವ ‘ಲಾಂಗ್’ ಬಳಸುವುದು, ಮುದ್ರಿಸುವ ಸಾಲಿನಲ್ಲೂ ಅದಕ್ಕೆ ತಕ್ಕ ಬದಲಾವಣೆ ಮಾಡುವುದು.

ಮೌಲ್ಯಮಾಪನ: ಉತ್ತರವನ್ನು ಮೊದಲು ಕೈಯಲ್ಲಿ ಅಂದಾಜಿಸಿ, ಎರಡು ಕಂಪೈಲರ್‌ಗಳಲ್ಲಿ ಓಡಿಸಿ, ಮೂರನ್ನೂ ಹೋಲಿಸಿ. ಗಣಿತ ಬೋಧಿಸುವ ಸಹಪ್ರಶಿಕ್ಷಣಾರ್ಥಿಗಳಿಗೂ ಅಂದಾಜಿನ ಬೆಲೆ ತಿಳಿಸಲು ಇದು ಒಳ್ಳೆಯ ಉದಾಹರಣೆ.