ಬೆನ್ನಿನಲ್ಲಿ ಹೆಚ್ಚುವರಿ ಕೈಕಾಲು: ಗ್ರಹಣ ಕಾರಣವಲ್ಲ

2007ರ ನವೆಂಬರ್‌ನಲ್ಲಿ ಬೆಂಗಳೂರಿನ ಸ್ಪರ್ಶ್ ಆಸ್ಪತ್ರೆಯ ಹೆಸರು ದೇಶವಿದೇಶಗಳ ಪತ್ರಿಕೆಗಳಲ್ಲಿ ಬಂದಿತ್ತು. ಬಿಹಾರದಿಂದ ಬಂದ ಎರಡು ವರ್ಷದ ಹೆಣ್ಣುಮಗುವಿಗೆ ನಾಲ್ಕು ಕೈ, ನಾಲ್ಕು ಕಾಲು. ಊರಿನವರು ಆಕೆಯನ್ನು ದೇವಿಯ ಅವತಾರವೆಂದು ನಂಬಿದ್ದರು. ಡಾ. ಶರಣ್ ಪಾಟೀಲ್ ನೇತೃತ್ವದಲ್ಲಿ ಮೂವತ್ತಕ್ಕೂ ಹೆಚ್ಚು ವೈದ್ಯರು ಸುಮಾರು 27 ಗಂಟೆಗಳ ಕಾಲ ಶಸ್ತ್ರಚಿಕಿತ್ಸೆ ನಡೆಸಿ ಹೆಚ್ಚುವರಿ ಅಂಗಗಳನ್ನು ಬೇರ್ಪಡಿಸಿದರು. ಆ ಅಂಗಗಳು ಪೂರ್ಣವಾಗಿ ಬೆಳೆಯದ ಅವಳಿ ಶಿಶುವಿನವು. ಎರಡು ದೇಹಗಳೂ ಸೊಂಟದ ಬಳಿ ಕೂಡಿಕೊಂಡಿದ್ದವು.

ಇದಕ್ಕೆ ಹತ್ತಿರದ ಇನ್ನೊಂದು ಅಪರೂಪದ ದೋಷವಿದೆ. ಮಗುವಿನ ಬೆನ್ನಿನ ಮೇಲೆ, ಹೆಚ್ಚಾಗಿ ಸೊಂಟದ ಭಾಗದಲ್ಲಿ, ಕೈ ಅಥವಾ ಕಾಲನ್ನು ಹೋಲುವ ಅಂಗವೊಂದು ಬೆಳೆದಿರುತ್ತದೆ. ಅದರ ಅಡಿಯಲ್ಲಿ ಬೆನ್ನುಮೂಳೆ ಸರಿಯಾಗಿ ಮುಚ್ಚಿಕೊಂಡಿರುವುದಿಲ್ಲ. ಇದೇ ಸೀಳು ಬೆನ್ನುಮೂಳೆ, ಅಂದರೆ ಸ್ಪೈನಾ ಬೈಫಿಡಾ.

ಹೀಗೇಕೆ ಆಗುತ್ತದೆ?

ಗರ್ಭ ಕಟ್ಟಿದ ಮೂರನೇ ವಾರದಲ್ಲಿ ಭ್ರೂಣದ ಬೆನ್ನಿನಲ್ಲಿ ಚಪ್ಪಟೆಯಾದ ಪದರವೊಂದು ಮಡಚಿಕೊಂಡು ಕೊಳವೆಯಾಗತೊಡಗುತ್ತದೆ. ಸುಮಾರು 28 ದಿನಗಳೊಳಗೆ ಅದು ಮುಚ್ಚಿಕೊಳ್ಳಬೇಕು. ಮುಂದೆ ಮಿದುಳು, ಬೆನ್ನುಹುರಿ ಆಗುವುದು ಇದೇ. ಎಲ್ಲಾದರೂ ತೆರೆದುಳಿದರೆ ಬೆನ್ನುಮೂಳೆ ಸೀಳಾಗುತ್ತದೆ. ಆಗ ಕೆಲವು ಜೀವಕೋಶಗಳು ದಾರಿ ತಪ್ಪಿ ಅಂಗವಾಗಿ ಬೆಳೆಯಬಹುದು, ಇಲ್ಲವೇ ಅದು ಅಪೂರ್ಣ ಅವಳಿಯ ಉಳಿಕೆ ಇರಬಹುದು ಎಂದು ವೈದ್ಯರು ವಿವರಿಸುತ್ತಾರೆ. ಗರ್ಭಿಣಿ ಗ್ರಹಣ ನೋಡಿದ್ದಕ್ಕೂ, ಆ ವೇಳೆ ತರಕಾರಿ ಹೆಚ್ಚಿದ್ದಕ್ಕೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ಸೊಸೆಯನ್ನು ದೂರುವುದು ತಪ್ಪು.

ಚಿಕಿತ್ಸೆ

ಕಣ್ಣಿಗೆ ಕಾಣುವ ಅಂಗಕ್ಕಿಂತ ಒಳಗಿನ ಬೆನ್ನುಹುರಿಯೇ ಮುಖ್ಯ. ಹುರಿಯು ಕೊಬ್ಬಿನ ಗಂಟಿಗೋ ಮೂಳೆಗೋ ಅಂಟಿಕೊಂಡಿದ್ದರೆ ಮಗು ಬೆಳೆದಂತೆ ಅದು ಎಳೆಯಲ್ಪಟ್ಟು ಕಾಲುಗಳಲ್ಲಿ ಬಲ ಕುಂದಬಹುದು, ಮಲಮೂತ್ರದ ಹಿಡಿತ ತಪ್ಪಬಹುದು. ಆದ್ದರಿಂದ ಎಂಆರ್‌ಐ ಪರೀಕ್ಷೆ ಮಾಡಿಸದೆ ಅಂಗವನ್ನು ಕತ್ತರಿಸಿ ತೆಗೆಸಬಾರದು. ಮಕ್ಕಳ ಶಸ್ತ್ರಚಿಕಿತ್ಸಕರೂ ನರಶಸ್ತ್ರಚಿಕಿತ್ಸಕರೂ ಕೂಡಿ ನಿರ್ಧರಿಸಬೇಕು.

ಅಂಗವಿಲ್ಲದಿದ್ದರೂ ಮಗುವಿಗೆ ಸ್ನಾನ ಮಾಡಿಸುವಾಗ ಬೆನ್ನನ್ನು ನೋಡಿ. ಬೆನ್ನುಮೂಳೆಯ ಗೆರೆಯ ಮೇಲೆ ಕೂದಲಿನ ಗೊಂಚಲು, ಮೆತ್ತನೆಯ ಗಂಟು, ಆಳವಾದ ಗುಳಿ ಕಂಡರೆ ವೈದ್ಯರಿಗೆ ತೋರಿಸಿ. ಹುಟ್ಟುವಾಗಲೇ ನೀರು ತುಂಬಿದ ಚೀಲವಿದ್ದರೆ ಅರಿಶಿನ, ಬೂದಿ ಹಚ್ಚಬೇಡಿ. ಶುದ್ಧವಾದ ಒದ್ದೆ ಬಟ್ಟೆ ಮುಚ್ಚಿ, ಮಗುವನ್ನು ಬೋರಲು ಮಲಗಿಸಿ, ಕೂಡಲೇ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ.

ತಡೆಯಲು ಸಾಧ್ಯವೇ?

ಅವಳಿ ದೋಷವನ್ನು ತಡೆಯುವ ದಾರಿ ಇಲ್ಲ. ಸೀಳು ಬೆನ್ನುಮೂಳೆಯನ್ನು ಬಹುಮಟ್ಟಿಗೆ ತಡೆಯಬಹುದು. ಇದೇ ದೋಷದ ಮಗುವನ್ನು ಹಿಂದೆ ಹೆತ್ತ ತಾಯಂದಿರಿಗೆ ಫೋಲಿಕ್ ಆಮ್ಲ ಕೊಟ್ಟಾಗ ಅದು ಮರುಕಳಿಸುವ ಸಂಭವ ಶೇಕಡಾ 72ರಷ್ಟು ಕಡಿಮೆಯಾಯಿತೆಂದು 1991ರಲ್ಲಿ ಬ್ರಿಟನ್ನಿನ ಸಂಶೋಧನೆಯೊಂದು ತೋರಿಸಿತು.

ಮುಟ್ಟು ತಪ್ಪಿ ಎರಡು ವಾರವಾಗುವಷ್ಟರಲ್ಲಿ ಆ ಕೊಳವೆ ಮುಚ್ಚಿಕೊಂಡಿರುತ್ತದೆ. ಮೂರು ತಿಂಗಳಾದ ಮೇಲೆ ಕೊಡುವ ಕಬ್ಬಿಣದ ಮಾತ್ರೆ ರಕ್ತಹೀನತೆಗೆ ಬೇಕು, ಆದರೆ ಈ ದೋಷ ತಡೆಯಲು ಅದು ತಡವಾಯಿತು. ಮಗು ಬೇಕೆಂದುಕೊಂಡ ಹೆಂಗಸರು ಒಂದು ತಿಂಗಳು ಮೊದಲಿನಿಂದಲೇ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಸೇವಿಸತೊಡಗಿ, ಮೊದಲ ಮೂರು ತಿಂಗಳು ಮುಂದುವರಿಸಬೇಕು. ಸೊಪ್ಪಿನ ಸಾರು, ಹೆಸರುಕಾಳಿನ ಉಸಲಿ ಒಳ್ಳೆಯದೇ, ಆದರೆ ಅವಷ್ಟೇ ಸಾಲವು. ಮೊದಲ ಮಗುವಿಗೆ ಈ ದೋಷವಿದ್ದವರು, ಸಕ್ಕರೆ ಕಾಯಿಲೆಯವರು, ಮೂರ್ಛೆರೋಗಕ್ಕೆ ಮಾತ್ರೆ ನುಂಗುವವರು ಮೊದಲೇ ವೈದ್ಯರನ್ನು ಕಾಣಬೇಕು. ಅವರಿಗೆ ಹೆಚ್ಚಿನ ಪ್ರಮಾಣ ಬೇಕಾಗಬಹುದು. ಮೂರ್ಛೆಯ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬಾರದು.

ಗರ್ಭದ 18ರಿಂದ 20ನೇ ವಾರದಲ್ಲಿ ಮಾಡುವ ಸ್ಕ್ಯಾನಿಂಗ್‌ನಲ್ಲಿ ಬೆನ್ನುಮೂಳೆಯ ದೋಷ ಬಹುಪಾಲು ಗೊತ್ತಾಗುತ್ತದೆ. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿಯವರಿಗೆ ಸ್ಕ್ಯಾನಿಂಗ್ ಕೇಂದ್ರ ದೂರವೇನಲ್ಲ. ದೋಷ ಮೊದಲೇ ತಿಳಿದರೆ ಹೆರಿಗೆ ಎಲ್ಲಿ ಆಗಬೇಕು, ಮಗುವನ್ನು ಯಾರು ನೋಡಬೇಕು ಎಂದು ಮನೆಯವರು ಕೂತು ಯೋಚಿಸಲು ಸಮಯ ಸಿಗುತ್ತದೆ. ಮದುವೆಯಾದ ಮಗಳು, ಸೊಸೆ ಮನೆಯಲ್ಲಿದ್ದರೆ ಈ ಮಾತ್ರೆಯ ವಿಷಯ ಇಂದೇ ತಿಳಿಸಿ.